ಕರೆಂಟ್ ಹೋದರೂ ನಿಲ್ಲದ ಫೋನು

ಹಾರವಾಡದಲ್ಲಿ ಇಂಟರ್ನೆಟ್ ಫೋನಿನ ಮರ್ಮ ಬಲ್ಲವನು ಯಾರಾದರೂ ಇದ್ದರೆ ಅದು ನಾನೊಬ್ಬನೇ! ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ, ಬಂಗಡೆ ಸಾರಿನ ಸಾಕ್ಷಿಯಾಗಿ. ಮೀನುಗಾರರ ಸೊಸೈಟಿಯಲ್ಲಿ ಕಂಪ್ಯೂಟರಿನ ಎದುರು ಕೂರುವ ಗುಮಾಸ್ತ ನಾನು. ಕೊಚ್ಚಿಕೊಳ್ಳಲು ಇಷ್ಟು ಸಾಲದೇ?

ಹುಬ್ಬಳ್ಳಿಯ ಪ್ರವಾಸ ಕಂಪನಿಯೊಂದಕ್ಕೆ ಕಾರವಾರದ ಕಡಲತೀರದ ಬುಕಿಂಗ್ ನೋಡಿಕೊಳ್ಳಲು ಹೆಂಗಸರು ಬೇಕಾಗಿದ್ದರು. ದಿನಾ ಸಂಜೆ ಮನೆಯಲ್ಲೇ ಕೂತು ಕಂಪ್ಯೂಟರಿನ ಇಂಟರ್ನೆಟ್ ಫೋನಿನಲ್ಲಿ ಗಿರಾಕಿಗಳೊಡನೆ ಮಾತಾಡುವ ಕೆಲಸ. ನನ್ನ ಹೆಂಡತಿ ವಿನುತಾ ಇಂಥದೊಂದಕ್ಕೆ ವರ್ಷಗಟ್ಟಲೆ ಕಾದಿದ್ದಳು. "ಒಳ್ಳೆಯ ಫೋನ್ ಸೇವೆ ನೀವೇ ಆರಿಸಿ. ಶನಿವಾರ ನಿಮ್ಮ ಮಾತು ಸರಿಯಾಗಿ ಕೇಳಿಸಿದರೆ ಕೆಲಸ ನಿಮ್ಮದು" ಎಂದಿದ್ದರು ಅಲ್ಲಿನ ಪೂರ್ಣಿಮಾ ಮೇಡಂ.

"ಆರಿಸೂದು ನಂಗೆ ಬಿಡು" ಎಂದೆ.

"ನೀವು ಆರಿಸಿದ ಮಿಕ್ಸರು ಅಟ್ಟದ ಮೇಲೆ ಅದೆ" ಎಂದಳು.

ಪರೀಕ್ಷೆಗೆ ಸಿಕ್ಕವನು ಅವಳ ತಮ್ಮ ರೂಪೇಶ. ಹಿತ್ತಲ ಬೇಲಿಯಾಚೆಯೇ ಅವನ ಮನೆ, ಅಲ್ಲೂ ಒಂದು ಕಂಪ್ಯೂಟರ್. ದೋಣಿಯಿಂದ ದೋಣಿಗೆ ಕೂಗಿ ಪಳಗಿದ ಗಂಟಲು. ನನ್ನದೂ ಅದೇ ಕುಲದ್ದು. ಮೊದಲ ಸೇವೆಯಲ್ಲಿ ಬರೀ ಗರಗರ. ಎರಡನೆಯದರಲ್ಲಿ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಮರೆತುಹೋಗುತ್ತಿತ್ತು. ಸೆಖೆ ತಡೆಯಲಾರದೆ ಕಿಟಕಿ ತೆರೆದು ಮೂರನೆಯದಕ್ಕೆ ಕೈಹಾಕಿದೆ. ಆಹಾ! "ಭಾವಾ, ಇವತ್ತು ಬಲೆಗೆ ಎಂತದೂ ಬಿದ್ದಿಲ್ಲ" ಎಂದು ರೂಪೇಶ ಪಕ್ಕದಲ್ಲೇ ನಿಂತು ಹೇಳಿದಂತಿತ್ತು. ನಡುವೆ ಕರೆಂಟ್ ಹೋಯಿತು. ಆದರೂ ನಮ್ಮ ಮಾತು ನಿಲ್ಲಲಿಲ್ಲ.

"ಕರೆಂಟ್ ಇಲ್ದೆ ಕಂಪ್ಯೂಟರ್ ಹ್ಯಾಂಗೆ ಮಾತಾಡ್ತದೆ?" ವಿನುತಾ ಕೇಳಿದಳು.

"ಅದೇ ಅದರ ವಿಶೇಷ ಮಾರಾಯ್ತಿ!" ಎಂದು ಮೂರನೆಯದನ್ನೇ ಗಟ್ಟಿ ಮಾಡಿದೆ.

ಶನಿವಾರ ಸಂಜೆ ಅದರಲ್ಲೇ ಮೇಡಂ ಕರೆ ಬಂತು. "ವಿ... ತಾ... ಹ..." ಅಷ್ಟೇ. ವಿನುತಾಳ ಮುಖ ಬಾಡಿತು. ನಾನು ಮೈಕಿಗೆ ಬಾಯಿ ತಾಗಿಸಿ, "ಹಲೋ! ಕೇಳ್ತದಾ?" ಎಂದು ಕೂಗಿದೆ.

"ಕೇಳ್ತದೆ ಭಾವಾ, ಎಂತಾ ಹೇಳಿ" ಎಂದು ಉತ್ತರ ಬಂತು, ಸ್ವಚ್ಛವಾಗಿ, ಕಿಟಕಿಯಿಂದ.

ಆಗ ಹೊಳೆಯಿತು ನನಗೆ, ಮೂರನೆಯ ಸೇವೆ ಯಾವುದೆಂದು! ಕೈಯಾರೆ ಹೆಂಡತಿಯ ಕೆಲಸ ಕಳೆದೆನಲ್ಲ!

ವಿನುತಾ ನನ್ನನ್ನು ಸರಿಸಿ, ಮೊದಲ ಸೇವೆ ತೆರೆದು ಮೇಡಂಗೆ ತಾನೇ ಕರೆ ಹಚ್ಚಿದಳು. "ನೀವು ಸೊಸೈಟಿಗೆ ಹೋದಾಗ ಕಾರವಾರದ ನನ್ನ ಗೆಳತಿ ರಂಜನಾ ಹತ್ರ ಇದ್ರಲ್ಲಿ ಮಾತಾಡಿ ನೋಡಿದ್ದೆ. ಗರಗರ ಬಂದದ್ದು ನೀವಿಬ್ರೂ ಕೂಗಿದ್ದಕ್ಕೆ."

"ಮತ್ತೆ ಹೇಳೂದಲ್ವಾ?"

"ಹೇಳಿದ್ರೆ ಕೇಳ್ತಿದ್ರಾ?"

ಅಷ್ಟರಲ್ಲಿ ಮೇಡಂ ದನಿ ಬಂತು. "ಈಗ ಚೆನ್ನಾಗಿ ಕೇಳಿಸ್ತಿದೆ ವಿನುತಾ. ಕೆಲಸ ನಿಮ್ಮದೇ."

ನಾನು ಖುಷಿಯಲ್ಲಿ, "ಭೇಷ್!" ಎಂದುಬಿಟ್ಟೆ.

"ಅಯ್ಯೋ, ಯಾರದು?" ಮೇಡಂ ಬೆಚ್ಚಿಬಿದ್ದರು. "ಯಾರೇ ಆಗಲಿ, ಕೆಲಸದ ಹೊತ್ತಿನಲ್ಲಿ ಅವರು ದೂರ ಇರಬೇಕು."

ಎಷ್ಟು ದೂರ ಎಂಬುದನ್ನು ವಿನುತಾ ಅಂದಾಜಿಗೆ ಬಿಡಲಿಲ್ಲ. ರೂಪೇಶನ ಜಗಲಿಯಲ್ಲಿ ನನ್ನನ್ನು ಕೂರಿಸಿ ಮಾತಾಡಿಸಿ ನೋಡಿದಳು: ದನಿ ಮನೆಯವರೆಗೂ ಕೇಳಿತು, ಫೇಲ್. ಕಡಲ ದಂಡೆಯೂ ಫೇಲ್. ಈಗ ದಿನಾ ಸಂಜೆ ಅವಳು ಮನೆಯಲ್ಲಿ ದುಡಿಯುತ್ತಾಳೆ. ನಾನು ಊರು ದಾಟಿ ದೂರದ ಬಾಳೆಗುಳಿ ಕ್ರಾಸಿನ ಚಾ ಅಂಗಡಿಯಲ್ಲಿ ಕೂರುತ್ತೇನೆ. ಪರೀಕ್ಷಿಸಿ ಆರಿಸುವುದೆಂದರೆ ಹೀಗೆ!