ಹಳೆಯ ಫ್ರೇಮಿಗೆ ಚಿಕ್ಕ ಚಕ್ರ ಕೇಳಿದ ತಪ್ಪಿಗೆ

ಸೈಕಲ್ಲಿನ ಬಿಡಿಭಾಗಗಳನ್ನು ವರ್ಷಕ್ಕೊಂದು ಅಳತೆಯಲ್ಲಿ ಲೋಕಕ್ಕೆ ಕರುಣಿಸುವ ಕಂಪನಿಯ ಮುಖ್ಯ ವಿನ್ಯಾಸಕರಾದ ಮಾನ್ಯರೇ,

ದಿಬ್ಬದ ಬುಡದಲ್ಲಿ ಕನ್ನಡಕದಂಗಡಿ ಇಟ್ಟುಕೊಂಡು ದಿಬ್ಬದ ನೆತ್ತಿಯಲ್ಲಿ ಮನೆ ಮಾಡಿಕೊಂಡಿರುವ, ಐವತ್ತೆಂಟು ದಾಟಿದ ಹೆಂಗಸೊಬ್ಬಳ ಸವಿನಯ ನಮಸ್ಕಾರಗಳು. ತಾವು, ತಮ್ಮ ಕಾರ್ಖಾನೆ, ಅದರೊಳಗಿನ ಸಮಸ್ತ ಅಚ್ಚುಗಳು ಕ್ಷೇಮವೆಂದು ನಂಬಿದ್ದೇನೆ. ನನ್ನ ಮೊಣಕಾಲುಗಳು ಮಾತ್ರ ಕ್ಷೇಮವಿಲ್ಲದ ಕಾರಣ ಈ ಪತ್ರ ಬರೆಯಬೇಕಾಯಿತು. ಬಹಿರಂಗವಾಗಿ ಏಕೆಂದರೆ, ಖಾಸಗಿಯಾಗಿ ಎಷ್ಟು ಬರೆದರೂ ತಮ್ಮಿಂದ ಬಂದದ್ದು ಒಂದೇ ಉತ್ತರ.

ನನ್ನದು ಉಕ್ಕಿನ ಫ್ರೇಮಿನ ಹಳೆಯ ರೇಸ್ ಸೈಕಲ್ಲು. ಹರೆಯದಲ್ಲಿ ಅದನ್ನೇರಿ ಪಂದ್ಯಗಳಿಗೆ ಹೋಗಿ ಹೆಚ್ಚಾಗಿ ನಾಲ್ಕನೆಯವಳಾಗಿ ಬಂದು, ಪ್ರತಿ ಸಲವೂ ಮೂವರಿಗೆ ಪದಕ ಕೊಡಿಸಿದ ಪುಣ್ಯ ನನ್ನದು. ಅಂದಿನ ತೊಡೆಗಳನ್ನು ನಂಬಿ ಪೆಡಲಿನ ಬಳಿ ಕೂರಿಸಿದ ಎರಡು ದೊಡ್ಡ ಹಲ್ಲುಚಕ್ರಗಳು ಇಂದಿಗೂ ಹಾಗೆಯೇ ಇವೆ, ತೊಡೆಗಳು ಹಾಗೆ ಉಳಿದಿಲ್ಲ. ಮುಂದಿನ ಚಕ್ರ ದೊಡ್ಡದಾದಷ್ಟೂ ತುಳಿತ ಭಾರವೆಂದು ತಮಗೆ ವಿವರಿಸುವುದು ಮೀನಿಗೆ ಈಜು ಕಲಿಸಿದಂತೆ. ಮೊಣಕಾಲು ನೋಡಿದ ಡಾಕ್ಟರು, "ಹಗುರದ ಗೇರು ಹಾಕಿಸಿ, ಇಲ್ಲಾ ಸೈಕಲ್ ಬಿಡಿ" ಎಂದರು. ದಿಬ್ಬದ ಮೇಲೆ ಹೋಟೆಲು ನಡೆಸುವ ನನ್ನ ತಮ್ಮನ ಕಿವಿಗೆ ಬಿದ್ದದ್ದು ಎರಡನೆಯ ಸಲಹೆ ಮಾತ್ರ. "ಅಕ್ಕಾ, ಅದು ಇನ್ನು ಓಡ್ಸೋ ಸೈಕಲ್ ಅಲ್ಲ, ನೋಡೋ ಸೈಕಲ್. ಹೋಟ್ಲು ಗೋಡೆಗೆ ನೇತುಹಾಕ್ತೀನಿ, ಕಡ್ಡಿಗಳಿಗೆ ಬಳ್ಳಿ ಹಬ್ಬಿಸ್ತೀನಿ, ಬಂದೋರು ಫೋಟೋ ತೆಗೆಸ್ಕೊಳ್ತಾರೆ" ಎಂದು ಅವನು ಅಕ್ಕರೆಯಿಂದಲೇ ಗೋಡೆಯ ಅಳತೆ ತೆಗೆದ. ಇಂದು ಸೈಕಲ್ಲು, ನಾಳೆ ಅದರ ಪಕ್ಕದ ಜಾಗಕ್ಕೆ ನಾನು ಎಂಬ ಅನುಮಾನ ನನಗೆ ಆಗಲೇ ಬಂತು.

ಆದ್ದರಿಂದ ತಮ್ಮ ಕಂಪನಿಯದೇ ಚಿಕ್ಕ ಚಕ್ರಗಳ ಜೋಡಿಯನ್ನು ತರಿಸಿದೆ. ಪೆಡಲನ್ನು ಹಿಡಿದಿರುವ ನನ್ನ ಕ್ರ್ಯಾಂಕಿಗೆ ಚಕ್ರ ಬಿಗಿಯಲು ಐದು ಬೆರಳುಗಳಿವೆ. ತಮ್ಮ ಚಕ್ರದಲ್ಲಿಯೂ ಐದೇ ತೂತು. ಹಿಗ್ಗಿ ಹತ್ತಿರ ಹಿಡಿದರೆ, ತಾವು ತೂತುಗಳನ್ನೆಲ್ಲ ಒಳಕ್ಕೆ ಸರಿಸಿ ಕೊರೆದಿದ್ದೀರಿ. ಬೆರಳಿಗೂ ತೂತಿಗೂ ಮುಖ ಕೊಟ್ಟು ಮಾತಿಲ್ಲ. ಪರಿಹಾರ ಕೇಳಿದ್ದಕ್ಕೆ, ನನ್ನ ಫ್ರೇಮು ತಮ್ಮ ಬೆಂಬಲದ ಅವಧಿಯನ್ನು ಮೀರಿರುವುದರಿಂದ ಹೊಸ ಸೈಕಲ್ಲು ಕೊಳ್ಳುವುದೇ ಸೂಕ್ತವೆಂದು ತಿಳಿಸಿದಿರಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬೇಡಿ ಎನ್ನುತ್ತಿದ್ದ ಹಿರಿಯರಿಗೆ ಮುಖವನ್ನೇ ಬದಲಿಸುವ ಉಪಾಯ ಹೊಳೆದಿರಲಿಲ್ಲ. ಆ ಮಟ್ಟಿಗೆ ತಮ್ಮ ಜ್ಞಾನ ದೊಡ್ಡದು. ನಾನೂ ಫ್ರೇಮಿನ ವ್ಯಾಪಾರದವಳೇ. ಅಜ್ಜನ ಕಾಲದ ಕನ್ನಡಕ ತಂದವರಿಗೆ ಗಾಜನ್ನು ಉಜ್ಜಿ ಉಜ್ಜಿ ಅದಕ್ಕೇ ಕೂರಿಸಿಕೊಡುತ್ತ ಬಂದೆನೇ ಹೊರತು, "ನಿಮ್ಮ ಮೂಗು ಹಳೇ ಮಾಡೆಲ್ಲು" ಎಂದು ಯಾರನ್ನೂ ಹಿಂದಕ್ಕೆ ಕಳಿಸುವ ಧೈರ್ಯ ಮಾಡಲಿಲ್ಲ. ಎಂಥ ಲಾಭ ಕೈತಪ್ಪಿತೆಂದು ತಮ್ಮಿಂದ ಈಗ ತಿಳಿಯಿತು.

ಹೀಗಿರುವಲ್ಲಿ ತಮ್ಮಲ್ಲಿ ನನ್ನ ವಿನಂತಿಯೆಂದರೆ, ಫ್ರೇಮನ್ನು ಬದಲಿಸುವ ಬದಲು ದಿಬ್ಬವನ್ನೇ ಹತ್ತು ಹಲ್ಲಿನಷ್ಟು ತಗ್ಗಿಸಿಕೊಡಬೇಕು. ಅದು ತಮ್ಮ ಇಲಾಖೆಗೆ ಬರುವುದಿಲ್ಲವಾದರೆ ಈಗಿನ ಮಾನದಂಡದ ಮೊಣಕಾಲುಗಳ ಒಂದು ಜೊತೆಯನ್ನು, ಬೋಲ್ಟುಗಳ ಸಮೇತ, ಕಳಿಸಿಕೊಡಬೇಕು.

ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ನನ್ನ ತಮ್ಮನಿಗಿರಲಿಲ್ಲವಾಗಿ, ಸೈಕಲ್ಲನ್ನು ನಮ್ಮ ಅಂಗಡಿ ಬೀದಿಯ ರಿಪೇರಿಯವರ ಬಳಿ ತಳ್ಳಿಕೊಂಡು ಹೋದೆ. ಕೈ ಕೆಲಸ ಮಾಡುವಷ್ಟೂ ಹೊತ್ತು ಬಾಯಿ ಗೊಣಗುವುದರಿಂದ ಅವರಿಗೆ ಗೊಣಗಣ್ಣನೆಂದೇ ಹೆಸರು. ಗೊಣಗುತ್ತಲೇ ಗುಜರಿ ಡಬ್ಬ ಕೆದಕಿ, ತಮ್ಮ ತೂತುಗಳಿಗೆ ಹೊಂದುವ ಹಳೆಯ ಕ್ರ್ಯಾಂಕೊಂದನ್ನು ಹುಡುಕಿ ತೆಗೆದರು, ಚಕ್ರ ಬಿಗಿದರು, ಉದ್ದವಾದ ಚೈನನ್ನು ಕತ್ತರಿಸಿದರು. ಆಮೇಲೆ ನಿಂತುಬಿಟ್ಟರು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ತಳ್ಳುವ ತಗಡು ದೊಡ್ಡ ಚಕ್ರದ ಎತ್ತರದಲ್ಲೇ ಉಳಿದು, ಹೊಸ ಚಿಕ್ಕ ಚಕ್ರವನ್ನು ಮಹಡಿಯಿಂದ ಇಣುಕಿ ನೋಡುತ್ತಿತ್ತು. "ಇದು ಇನ್ನು ಇಳಿಯಲ್ಲ ಮೇಡಂ. ಇದು ಇಳಿಯೋ ಕಂಡಿ ಇರೋ ಪಟ್ಟಿ ಫ್ರೇಮಿಗೇ ಬೆಸುಗೆಯಾಗಿದೆ, ಕಂಡಿ ಇಲ್ಲಿಗೇ ಮುಗೀತು. ತಮ್ಮನಿಗೆ ಕೊಟ್ಟುಬಿಡಿ, ಗೋಡೆ ಮೇಲಾದ್ರೂ ಚೆನ್ನಾಗಿರುತ್ತೆ" ಎಂದರು.

ಸಾಲದೆ ಬಂದದ್ದು ಒಂದು ಬೆಂಕಿಕಡ್ಡಿಯ ದಪ್ಪ. ಅಷ್ಟಕ್ಕಾಗಿ ಗೋಡೆ ಸೇರಬೇಕೇ? ಅಂಗಡಿಗೆ ಹೋಗಿ ಕನ್ನಡಕದ ಫ್ರೇಮು ತಿದ್ದುವ ಸಣ್ಣ ಅರ ತಂದೆ. ಆ ಕಂಡಿಯ ಕೆಳತುದಿಯನ್ನು ನಾನೇ ಉಜ್ಜತೊಡಗಿದೆ. ಇಷ್ಟು ವರ್ಷ ಗೀರು ಬೀಳದಂತೆ ಒರೆಸಿಟ್ಟ ಬಣ್ಣದ ಮೇಲೆ ಮೊದಲ ಎಳೆತ ಬಿದ್ದಾಗ ನನ್ನ ಹಲ್ಲು ಜುಮ್ಮೆಂದಿತು. ಗೊಣಗಣ್ಣ ಗೊಣಗುವುದನ್ನೇ ಮರೆತರು. ಕಡೆಗೆ ತಗಡು ಇಳಿಯಿತು.

ಮಾರನೆಯ ದಿನದ ಮೊದಲ ಏರಿನಲ್ಲಿ, ನಡು ತಿರುವಿನಲ್ಲೇ ಚೈನು ಕಳಚಿ, ನಾನು ಪಕ್ಕದ ಬೇಲಿಯನ್ನು ತಬ್ಬಿಕೊಂಡೆ. ಮೇಲಿನಿಂದ ಓಡಿಬಂದ ತಮ್ಮ, "ಸಾಕು ಬಿಡಕ್ಕ, ಯಾರಿಗೆ ತೋರಿಸ್ಬೇಕು ನೀನು?" ಎಂದ. ನಾನು ಬೇಲಿಯಿಂದ ಬಿಡಿಸಿಕೊಂಡು ಎದ್ದೆ. ಸೈಕಲ್ಲನ್ನು ಕೆಳಕ್ಕೆ ತಳ್ಳಿಕೊಂಡು ಹೋದೆ. ಗೊಣಗಣ್ಣ ತಿರುಪೊಂದನ್ನು ತಿರುವಿ, "ಇದು ನಂದೇ ತಪ್ಪು" ಎಂದು ನೆಲಕ್ಕೆ ಹೇಳಿದರು. ಸಂಜೆ ಅಂಗಡಿ ಮುಚ್ಚಿ ಮತ್ತೆ ಹತ್ತಿದೆ. ತಿರುವು ದಾಟಿತು. ಕಾಲು ತಿರುಗುತ್ತಿತ್ತು, ಮೊಣಕಾಲು ತನ್ನ ಪಾಡಿಗೆ ತಾನಿತ್ತು. ನಡೆದು ಹೋಗುವವರು ನನ್ನನ್ನು ಹಿಂದಿಕ್ಕಿದರೆಂಬುದು ನಿಜ, ಆದರೆ ನಾನು ಇಳಿಯಲಿಲ್ಲ. ಹೋಟೆಲಿನ ಮುಂದೆ ನಿಂತಿದ್ದ ನನ್ನ ತಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದ.

ಆದಕಾರಣ ದಿಬ್ಬ ಮತ್ತು ಮೊಣಕಾಲಿನ ಕೋರಿಕೆಗಳನ್ನು ಹಿಂಪಡೆಯುತ್ತಿದ್ದೇನೆ. ತಮ್ಮ ಬೆಂಬಲದ ಅವಧಿ ಮೀರಿದವರ ಸಾಲಿನಲ್ಲೇ ನನ್ನನ್ನೂ ನನ್ನ ಸೈಕಲ್ಲನ್ನೂ ಇಟ್ಟಿರಬೇಕಾಗಿ ಪ್ರಾರ್ಥನೆ. ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ.

ತಮ್ಮ ವಿಶ್ವಾಸಿ,
ದಿಬ್ಬದ ಬುಡದ ಕನ್ನಡಕದಂಗಡಿಯವಳು

ವಿ.ಸೂ.: ಕಂಡಿ ಉಜ್ಜಿದ ಸಂಗತಿಯನ್ನು ತಮ್ಮ ಕಂಪನಿಗೆ ಮೊದಲೇ ಬರೆದು ತಿಳಿಸಿದ್ದೆ; ಅದನ್ನೋದಿ ಮೊನ್ನೆ ತಮ್ಮ ವಿನ್ಯಾಸ ವಿಭಾಗದಿಂದಲೇ ಒಬ್ಬರು ಫೋನು ಮಾಡಿ, "ಮೇಡಂ, ಆಫೀಸಲ್ಲಿ ಯಾರಿಗೂ ಹೇಳ್ಬೇಡಿ, ನಮ್ಮಪ್ಪನ ಸೈಕಲ್ಲಿಗೂ ಇದೇ ಗತಿ. ಆ ಕಂಡೀನ ಎಷ್ಟು ಉಜ್ಜಿದ್ರಿ?" ಎಂದು ಕೇಳಿದರು. ಭಾನುವಾರ ತಂದೆಯನ್ನೂ ಸೈಕಲ್ಲನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿರುವುದರಿಂದ ತಾವು ಕೇಳಬಾರದು. ತಮ್ಮ ಮನೆಯಲ್ಲಿಯೂ ಹಳೆಯ ಸೈಕಲ್ಲಿದ್ದರೆ ಸಂಕೋಚಪಡದೆ ಬರಬಹುದು, ಅಳತೆ ಯಾವುದಿದ್ದರೂ ನಮಗೆ ಅಭ್ಯಂತರವಿಲ್ಲ.