ಬ್ರೆಡ್ಡಿಗೊಂದು ಮನೆ ಕಟ್ಟಿದ್ದು

ನಮ್ಮ ಕೋಲಾರದ ಕಡೆ ಬ್ರೆಡ್ ತಿನ್ನಬೇಕಾದರೆ ಮೊದಲು ಜ್ವರ ಬರಬೇಕು. ಇದನ್ನು ಯಾರೂ ಕಾನೂನೆಂದು ಬರೆದಿಟ್ಟಿಲ್ಲ, ಆದರೆ ಕಾನೂನನ್ನು ಮುರಿದವರಿಗಾದರೂ ನಮ್ಮಲ್ಲಿ ಕ್ಷಮೆಯಿದೆ, ಇದನ್ನು ಮುರಿದವರಿಗಿಲ್ಲ. ಮುದ್ದೆ ನುಂಗುವ ತ್ರಾಣವಿಲ್ಲದವರು, ಆಸ್ಪತ್ರೆಯ ಮಂಚದ ಮೇಲೆ ಮಲಗಿದವರು, ಇವರಿಗೆ ಮಾತ್ರ ಬ್ರೆಡ್ಡು. ಅಂಥ ಊರಿನಲ್ಲಿ ಜ್ವರವಿಲ್ಲದೆ, ಕೆಮ್ಮಿಲ್ಲದೆ, ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರುವ ನಾನು ದಿನಾ ಬೆಳಿಗ್ಗೆ ಬ್ರೆಡ್ ತಿನ್ನುತ್ತೇನೆ. ಏನು ತಪ್ಪು? ವಕ್ಕಲೇರಿ ಹತ್ತಿರದ ಶಾಲೆಯಲ್ಲಿ ಮೇಡಂ ಆಗಿರುವ ನಾನು ಬೆಳಿಗ್ಗೆ ಹಿಡಿಯಬೇಕಾದ ಬಸ್ಸು, ನಮ್ಮನೆಯ ಚಿತ್ರಾನ್ನಕ್ಕೆ ಒಗ್ಗರಣೆ ಬೀಳುವ ತನಕ ಕಾಯುವುದಿಲ್ಲ. ಎರಡು ತುಂಡಿಗೆ ಜಾಮ್ ಸವರಿ ಬಾಯಿಗಿಟ್ಟುಕೊಂಡರೆ ಚಪ್ಪಲಿ ಮೆಟ್ಟುವಷ್ಟರಲ್ಲಿ ತಿಂಡಿ ಮುಗಿಯಿತು. ಇಷ್ಟಕ್ಕೆ ಎದುರುಮನೆ ಗಾಯತ್ರಮ್ಮ ನನ್ನ ಕೈಯಲ್ಲಿ ಪೊಟ್ಟಣ ಕಂಡಾಗಲೆಲ್ಲ ಗೇಟಿನ ಹತ್ತಿರ ಓಡಿಬಂದು, "ಯಾರಿಗ್ರೀ ಜ್ವರ? ನಿಮ್ ಅತ್ತೇರಿಗಾ?" ಎಂದು ಕೇಳುತ್ತಾರೆ. ಯಾರಿಗೂ ಇಲ್ಲವೆಂದರೆ ಅವರ ಮುಖ ಸಪ್ಪಗಾಗುತ್ತದೆ.

ಮನೆಯೊಳಗಾದರೂ ಆ ಬಡಪಾಯಿ ಬ್ರೆಡ್ಡಿಗೆ ಮರ್ಯಾದೆಯಿದೆಯೇ? ಅಡುಗೆಕಟ್ಟೆಯ ಮೇಲಿಟ್ಟರೆ ಇರುವೆ, ಕೆಳಗಿಟ್ಟರೆ ಇಲಿ, ಶೆಲ್ಫಿನಲ್ಲಿಟ್ಟರೆ ಅದರ ಮೇಲೆ ಈರುಳ್ಳಿ ಬುಟ್ಟಿ. ಬೆಳಿಗ್ಗೆ ತೆಗೆದು ನೋಡಿದರೆ ಬ್ರೆಡ್ಡೋ ಚಪಾತಿಯೋ ಗೊತ್ತಾಗುತ್ತಿರಲಿಲ್ಲ. "ಫ್ರಿಜ್ಜಲ್ಲಿಡೇ" ಎಂದು ನನ್ನ ಯಜಮಾನರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು. ಇಟ್ಟೆ. ಅವರೆಕಾಯಿ ಕಾಲ ಬೇರೆ, ಪಕ್ಕದಲ್ಲೇ ಹಿತಕಿದ ಬೇಳೆಯ ಪಾತ್ರೆ. ಹಿತಕಿದ ಬೇಳೆಯ ಸಾರು ನನಗೆ ಪ್ರಾಣ, ಆದರೆ ಅದರ ವಾಸನೆ ಹೊಡೆಯುವ ಬ್ರೆಡ್ಡಿಗೆ ಅನಾನಸ್ ಜಾಮ್ ಸವರಿ ಒಂದು ಸಲ ತಿಂದು ನೋಡಿ, ಆಮೇಲೆ ಮಾತಾಡೋಣ. ಅವತ್ತು ಬಸ್ಸಿನಲ್ಲಿ ಇಡೀ ದಾರಿ ನನಗೆ ಒಂದೇ ಯೋಚನೆ. ಈ ಮನೆಯಲ್ಲಿ ರಾಗಿಹಿಟ್ಟಿಗೆ ಡಬ್ಬವಿದೆ, ಹುಣಸೆಹಣ್ಣಿಗೆ ಜಾಡಿಯಿದೆ, ಯಜಮಾನರ ಹಳೇ ಚಾರ್ಜರುಗಳಿಗೂ ಒಂದು ಡ್ರಾಯರಿದೆ. ನಾನು ತಿನ್ನುವ ಒಂದು ಪದಾರ್ಥಕ್ಕೆ ಮಾತ್ರ ದಿಕ್ಕಿಲ್ಲ!

ಆಗಲೇ ಫೋನಿನಲ್ಲಿ ಆ ವಿಡಿಯೋ ಕಂಡಿತು. ಯಾವುದೋ ದೇಶದ ಅಜ್ಜ ಮರದ ಹಲಗೆಗಳನ್ನು ಕೊಯ್ದು, ಉಜ್ಜಿ, ಜೋಡಿಸಿ ಬ್ರೆಡ್ಡಿಗೆಂದೇ ಒಂದು ಪೆಟ್ಟಿಗೆ ಮಾಡಿದ. ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಬೇಡವಾಯಿತು. ಶ್ರೀನಿವಾಸಪುರದ ತೋಟದಲ್ಲಿ ಹಳೇ ಮಾವಿನ ಮರ ಉರುಳಿದಾಗ ಕೊಯ್ಸಿಟ್ಟ ಹಲಗೆಗಳು ನನ್ನ ಅಣ್ಣನ ಅಟ್ಟದಲ್ಲಿದ್ದವು. ಫೋನ್ ಮಾಡಿ ಕೇಳಿದೆ. "ಏನ್ ಮಾಡ್ತೀಯೇ ಅದ್ರಲ್ಲಿ?" ಎಂದ. ಅಡುಗೆಮನೆಗೆ ಒಂದು ಪೆಟ್ಟಿಗೆ ಮಾಡುತ್ತೇನೆ ಎಂದೆ. "ನೀನಾ! ಸ್ಕೂಲಲ್ಲಿ ಕ್ರಾಫ್ಟ್ ಪೀರಿಯಡ್ನಲ್ಲಿ ಬೆಂಕಿಕಡ್ಡಿ ಮನೆ ಮಾಡೋಕೆ ಹೋಗಿ ಅಂಟೆಲ್ಲಾ ಜಡೆಗೆ ಮೆತ್ಕೊಂಡೋಳಲ್ವಾ ನೀನು? ಕೈ ಕುಯ್ಕೊಂಡ್ರೆ ನಂಗೆ ಫೋನ್ ಮಾಡ್ಬೇಡ ಕಣೇ" ಎಂದು ನಕ್ಕು, ಹಲಗೆ ಕಳಿಸಿದ. ಆ ನಗುವಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ಅರ್ಧ ಆಗಿದ್ದು ಆ ಉರಿಯಲ್ಲೇ.

ಭಾನುವಾರಗಳೆಲ್ಲ ಹಿತ್ತಲಲ್ಲಿ ಗರಗಸ ಹಿಡಿದು ಕೂತೆ. ಒಂದೊಂದು ವಿಷಯವನ್ನೂ ತೂಗಿ ನೋಡಿ ಮಾಡಿದ್ದೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಮೇಲ್ಭಾಗ ಸಪಾಟಾಗಿದ್ದರೆ ನಮ್ಮನೆಯವರು ಅದರ ಮೇಲೆ ಬೀಗದಕೈ, ಮಾತ್ರೆ, ಕರೆಂಟ್ ಬಿಲ್ಲು ಎಲ್ಲ ಹೇರುತ್ತಾರೆ. ಆದ್ದರಿಂದ ಎರಡೂ ಕಡೆ ಇಳಿಜಾರು ಬಿಟ್ಟು ನೆತ್ತಿಯನ್ನು ಚೂಪು ಮಾಡಿದೆ. ಗಾಳಿಯಾಡದಿದ್ದರೆ ಬ್ರೆಡ್ಡಿಗೆ ಬೂಷ್ಟು ಬರುತ್ತದೆಂದು ಅಜ್ಜ ಹೇಳಿದ್ದ, ಆದ್ದರಿಂದ ಎರಡೂ ಪಕ್ಕಕ್ಕೆ ಹೂವಿನ ಆಕಾರದಲ್ಲಿ ತೂತು ಕೊರೆದೆ. ಬಾಗಿಲು ಮುಂದಕ್ಕೆ, ಕೆಳಮುಖವಾಗಿ ತೆರೆಯುವ ಹಾಗೆ ಮಾಡಿದೆ, ಅದರ ಮೇಲೇ ಬ್ರೆಡ್ ಇಟ್ಟು ಜಾಮ್ ಸವರಬಹುದು. ಬಾಗಿಲಿಗೆ ಒಂದು ಹಿಡಿ ಬೇಕಿತ್ತು. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಣ್ಣದು ಅಂತ ಸಿಕ್ಕಿದ್ದು ಹಿತ್ತಾಳೆಯದು ಒಂದೇ, ಕಮಲದ ಮೊಗ್ಗಿನ ಥರದ್ದು. ಹಾಕಿದೆ. ಇಷ್ಟೂ ಬ್ರೆಡ್ಡಿಗಾಗಿ!

ನಮ್ಮತ್ತೆಯವರು ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರು ಮುಳಬಾಗಿಲ ಕಡೆಯವರು, ಮಾಮೂಲಿ ಮಾತು ಕನ್ನಡದಲ್ಲಿ, ಸಂತೋಷವೋ ಸಿಟ್ಟೋ ತಲೆಗೇರಿದರೆ ತೆಲುಗಿನಲ್ಲಿ. ಅವರಿಗೆ ಅವರದೇ ಒಂದು ಕೊರಗು. ಗೋಡೆಯಲ್ಲಿರುವ ದೇವರ ಗೂಡಿನ ನೆತ್ತಿಯ ಮೇಲೇ ನೀರಿನ ಟ್ಯಾಂಕು, ಮಳೆಗಾಲ ಬೇಸಿಗೆ ಎನ್ನದೆ ಅಲ್ಲಿ ತೇವ. ದೇವರ ಪಟಗಳೆಲ್ಲ ಉಬ್ಬಿಹೋಗಿದ್ದವು. ಒಂದು ಮಂಟಪ ತಂದುಕೊಡೋ ಎಂದು ಮಗನಿಗೆ ಹೇಳಿ ಹೇಳಿ ಅವರ ಬಾಯಿ ಬತ್ತಿತ್ತು. ನಾನೇನು ಮಾಡುತ್ತಿದ್ದೇನೆಂದು ಅವರು ಕೇಳಿದ್ದೂ ಮಗನನ್ನೇ. ಬ್ರೆಡ್ಡಿಗೆ ಅಂದರೆ ಅವರಮ್ಮ ಇಡೀ ದಿನ ವಟಗುಟ್ಟುತ್ತಾರೆಂದು ಹೆದರಿ ಈ ಧೀರರು, "ಸುಮ್ನೆ ನೋಡ್ತಿರಮ್ಮ, ಮುಗಿದ್ಮೇಲೆ ನಿಂಗೇ ಗೊತ್ತಾಗುತ್ತೆ" ಎಂದುಬಿಟ್ಟರಂತೆ. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಕಡೆಯ ಭಾನುವಾರ ಎಣ್ಣೆ ಸವರಿ, ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಬೆಳಗಿನ ಬಿಸಿಲು ತಾಗಿ ಒಣಗಲೆಂದು ಕಿಟಕಿಯ ಕಡೆಗೆ ಮುಖಮಾಡಿ ಇಟ್ಟೆ. ಸೋಮವಾರ ಶಾಲೆಯಿಂದ ಬರುತ್ತಾ ಬಸ್‌ಸ್ಟ್ಯಾಂಡಿನ ಬೇಕರಿಗೆ ಹೋಗಿ, ಆಗತಾನೆ ಬಂದ ಮೆತ್ತನೆ ಬ್ರೆಡ್ ಕೊಂಡೆ. ಗೃಹಪ್ರವೇಶಕ್ಕೆ ಹೊರಟವಳ ಹಾಗೆ ಎದೆಯುಬ್ಬಿಸಿಕೊಂಡು ಗೇಟು ತೆಗೆದರೆ, ಒಳಗಿನಿಂದ ಸಾಂಬ್ರಾಣಿ ಹೊಗೆ! ಅಂಗಳದಲ್ಲಿ ನಾಲ್ಕಾರು ಜೊತೆ ಚಪ್ಪಲಿ.

ಅಡುಗೆಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು. ನನ್ನ ಪೆಟ್ಟಿಗೆಗೆ ಅರಿಶಿನ ಕುಂಕುಮ, ಚೂಪು ನೆತ್ತಿಯ ಮೇಲೆ ಸೇವಂತಿಗೆ, ಒಳಗೆ ವೆಂಕಟರಮಣಸ್ವಾಮಿ, ಬೆಳ್ಳಿ ಲಕ್ಷ್ಮಿ, ಪುಟಾಣಿ ಗಣಪತಿ. ಕೆಳಕ್ಕೆ ತೆರೆದ ಬಾಗಿಲಿನ ಮೇಲೆ, ನಾನು ಜಾಮ್ ಸವರಬೇಕಾದ ಜಾಗದಲ್ಲಿ, ಜೋಡಿ ದೀಪ. ಗಾಯತ್ರಮ್ಮ ಎಲ್ಲರಿಗೂ ವಿವರಿಸುತ್ತಿದ್ದರು: "ನೋಡ್ರೀ, ಗೋಪುರ ಎಷ್ಟು ಚೆನ್ನಾಗಿ ಬಂದಿದೆ! ಊದುಬತ್ತಿ ಹೊಗೆ ಹೋಗೋಕೆ ಅಂತ ತೂತು ಬೇರೆ ಬಿಟ್ಟವ್ರೆ. ಕಮಲ ನೋಡಿ, ಲಕ್ಷ್ಮಿಗೆ ಅಂತಾನೇ ಹುಡುಕಿ ತಂದಿರೋದು. ಮುಖ ಕೂಡಾ ಪೂರ್ವಕ್ಕೇ ಇಟ್ಟವ್ರೆ!" ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅತ್ತೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ಎಂತ ಬಾಗುಂದೇ ತಲ್ಲಿ, ಎಷ್ಟ್ ಚೆನ್ನಾಗಿದ್ಯೇ! ಹೊಟ್ಟೇಲಿ ಹುಟ್ಟಿದ ಮಗ ಕೇಳಿಸ್ಕೊಂಡಿಲ್ಲ, ನೀನು ಕೇಳಿಸ್ಕೊಂಡ್ಯಲ್ಲೇ ರತ್ನ! ಮಾವಿನ ಮರದಲ್ಲಿ ಮಾಡಿದ್ದೀಯ, ದೇವ್ರಿಗೆ ಅದೇ ಶ್ರೇಷ್ಠ" ಎಂದರು. ತೆಗೆದ ಬಾಯಿ ಹಾಗೇ ಮುಚ್ಚಿತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ನನ್ನ ಸಾರಿಗೆ ಉಪ್ಪು ಸರಿಯಿದೆ ಎಂದವರಲ್ಲ. ಹೊಗಳಬೇಕೆಂದು ಮನಸ್ಸಾದದ್ದು ಇವತ್ತು, ಅದೂ ನಾನು ಮಾಡದೇ ಇರುವ ಕೆಲಸಕ್ಕೆ! ಅಳುವುದೋ ಕೂಗಾಡುವುದೋ ತಿಳಿಯದೆ ನಿಂತಿದ್ದಾಗ ಗಾಯತ್ರಮ್ಮನ ಕಣ್ಣು ನನ್ನ ಕೈಯ ಪೊಟ್ಟಣದ ಮೇಲೆ ಬಿತ್ತು. "ಅಯ್ಯೋ, ಯಾರಿಗ್ರೀ ಜ್ವರ?"

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಯಜಮಾನರನ್ನು ಹಿಡಿದೆ. "ರೀ, ಅದು ನನ್ನ ಬ್ರೆಡ್ ಡಬ್ಬ. ಹೋಗಿ ಹೇಳ್ರೀ ನಿಮ್ಮಮ್ಮನಿಗೆ."

"ಏನಂತ ಹೇಳ್ಲೇ? ದೇವರನ್ನ ಎಬ್ಬಿಸಿ, ಆ ಜಾಗದಲ್ಲಿ ಬ್ರೆಡ್ ಮಲಗಿಸ್ತಾಳಂತೆ ನಿನ್ನ ಸೊಸೆ ಅಂತ ಹೇಳ್ಲಾ?"

"ಎಲ್ಲಾ ನಿಮ್ಮಿಂದಾನೇ ಆಗಿದ್ದು!"

"ಹೋಗ್ಲಿ ಬಿಡೇ, ಪುಣ್ಯ ಬಂತು ಅಂದ್ಕೋ. ನಾನೂ ಒಂದ್ ಭಾನುವಾರ ಸ್ಯಾಂಡ್‌ಪೇಪರ್ ಉಜ್ಜಿದ್ದೀನಿ, ನಂಗೂ ಸ್ವಲ್ಪ ಬರುತ್ತೆ."

ಪುಣ್ಯವಂತೆ! ನಾನೇನು ಪುಣ್ಯ ಕೇಳಿದ್ದೆನೇ? ನಾನು ಕೇಳಿದ್ದು ಇಷ್ಟೇ. ಈ ಊರಿನಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ನನ್ನ ಪೆಟ್ಟಿಗೆ ನೋಡಿ "ಓಹೋ, ಬ್ರೆಡ್ ಇಡೋದಾ? ಚೆನ್ನಾಗಿದೆ" ಎನ್ನಬೇಕಿತ್ತು. ದೇವರ ಮೇಲೆ ನನಗೆ ಸಿಟ್ಟಿಲ್ಲ, ಅವನೇನು ತಾನಾಗಿ ಬಂದು ಕೂತವನಲ್ಲ. ಆದರೆ ದಿನಾ ಬೆಳಿಗ್ಗೆ ಕೈಮುಗಿಯುವಾಗ ಗಾಳಿಯಾಡುವ ಆ ತೂತುಗಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಬ್ರೆಡ್ಡು ಶಾಲೆಯ ಕೈಚೀಲದಲ್ಲಿ, ಮಕ್ಕಳ ಉತ್ತರಪತ್ರಿಕೆಗಳ ನಡುವೆ, ಕದ್ದ ಮಾಲಿನ ಹಾಗೆ ಬದುಕತೊಡಗಿತು.

ಇತ್ತ ನನ್ನ ಹೆಸರು ಬೆಳೆಯಿತು. ಅತ್ತೆ ಮುಳಬಾಗಿಲಿಗೆ ಫೋನ್ ಮಾಡಿ ತಮ್ಮ ಅಕ್ಕತಂಗಿಯರಿಗೆಲ್ಲ ಹೇಳಿದರು. ಮನೆಗೆ ಬಂದವರನ್ನು ಕಾಫಿಗೆ ಮುಂಚೆ ಅಡುಗೆಮನೆಗೆ ಕರೆದೊಯ್ದು, "ನಮ್ ರತ್ನ ಕೈಯಾರೆ ಮಾಡಿದ್ದು" ಎನ್ನುತ್ತಿದ್ದರು. ಗಾಯತ್ರಮ್ಮ ತಮಗೂ ಒಂದು ಬೇಕು, ಸ್ವಲ್ಪ ದೊಡ್ಡದಿರಲಿ, ಅವರ ದೇವರುಗಳು ಜಾಸ್ತಿ ಎಂದರು. ಮೊದಮೊದಲು ನಾನು ಮುಖ ಊದಿಸಿಕೊಂಡು ನಿಲ್ಲುತ್ತಿದ್ದೆ. ಆಮೇಲೆ ಯಾರೋ ಕೇಳಿದರೆಂದು ಇಳಿಜಾರು ಹೇಗೆ ಕೂಡಿಸಿದೆನೆಂದು ವಿವರಿಸಿದೆ. ಆಮೇಲೆ ಕೇಳದಿದ್ದವರಿಗೂ ವಿವರಿಸಿದೆ. ನೆತ್ತಿಗೆ ಒಂದು ಸಣ್ಣ ಕಳಶವಿದ್ದರೆ ಚೆನ್ನಾಗಿರುತ್ತದೆ ಎನ್ನಿಸಿ, ಒಂದು ಭಾನುವಾರ ಅದನ್ನೂ ಕಡೆದು ಕೂರಿಸಿದೆ. ಅದು ಬರೀ ಅಂದಕ್ಕೆ, ಅಷ್ಟೇ.

ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಮನೆ ತುಂಬಾ ಹೆಂಗಸರು. ಅದೇ ಹೊತ್ತಿಗೆ ಶ್ರೀನಿವಾಸಪುರದಿಂದ ಅಣ್ಣ ಬಂದ. ಹಲಗೆ ಕೊಟ್ಟವನು, ನಕ್ಕವನು. ಅವನಿಗೆ ತೋರಿಸಲೆಂದೇ ಕೈಹಿಡಿದು ಒಳಗೆ ಕರೆದೊಯ್ದೆ. ಅವನು ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. ಬಾಗಿಲನ್ನು ಬೆರಳಲ್ಲಿ ಮುಟ್ಟಿದ, ತೂತಿನೊಳಗೆ ಇಣುಕಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಏನೇ ಇದು? ಗಾಳಿಗೆ ತೂತು, ಕೆಳಕ್ಕೆ ಬೀಳೋ ಬಾಗ್ಲು... ಇದು ಬ್ರೆಡ್ ಇಡೋ ಡಬ್ಬ ಅಲ್ವೇನೇ?" ಎಂದ.

ಬಂದೇ ಬಂದ, ನಾನು ಇಷ್ಟು ದಿನ ಬಾಯಿಬಿಟ್ಟುಕೊಂಡು ಕಾದಿದ್ದ ಆ ಒಬ್ಬ! ಅವನ ಬಾಯಿಗೆ ಸಕ್ಕರೆ ಹಾಕಬೇಕಾಗಿತ್ತು. ಆದರೆ ಯಾಕೋ ಏನೋ, ಸಿಟ್ಟು ನೆತ್ತಿಗೇರಿತು. "ಕಣ್ಣು ಕಾಣ್ಸಲ್ವೇನೋ ಅಣ್ಣ ನಿಂಗೆ? ಗೋಪುರ ಇದೆ, ಕಮಲ ಇದೆ, ಕಳಶ ಇದೆ, ಒಳಗೆ ಸಾಕ್ಷಾತ್ ವೆಂಕಟರಮಣ ಕೂತಿದ್ದಾನೆ! ದೇವರ ಮಂಟಪಕ್ಕೆ ಡಬ್ಬ ಅಂತೀಯಲ್ಲೋ, ಕೆನ್ನೆಗೆ ಹೊಡ್ಕೋ ಮೊದ್ಲು!" ಎಂದೆ. ಅತ್ತೆ ನನ್ನ ಬೆನ್ನು ಸವರಿದರು. ಅಣ್ಣ ಪಾಪ, ಕೆನ್ನೆಗೆ ಹೊಡೆದುಕೊಂಡು, ಸಣ್ಣ ದನಿಯಲ್ಲಿ ಕೇಳಿದ: "ಅಲ್ಲ ಕಣೇ, ದಿನಾ ಬ್ರೆಡ್ ತಿಂತೀಯಲ್ಲ ನೀನು, ಅದನ್ನ ಇಡೋಕೆ ಮಾಡ್ಕೊಂಡಿರ್ತೀಯ ಅಂದ್ಕೊಂಡೆ."

ಗೋಡೆಯ ಮೊಳೆಗೆ ನೇತುಹಾಕಿದ್ದ ಶಾಲೆಯ ಕೈಚೀಲಕ್ಕೆ ಅಡ್ಡವಾಗಿ ಒಂದು ಹೆಜ್ಜೆ ಸರಿದು ನಿಂತೆ.

"ಬ್ರೆಡ್ಡಾ?" ಎಂದೆ. "ನಮ್ಮನೇಲಿ ಯಾರಿಗೆ ಬಂದಿದ್ಯೋ ಜ್ವರ?"