ಮೂಲೆಯಲ್ಲಿದ್ದ ಹೆಸರು

ಕಂಪ್ಯೂಟರ್ ಪರದೆಗೆ ಸೀಮೆಸುಣ್ಣ ಬಳಿದ ದಾರ ಹಿಡಿದು ಗೆರೆ ಹೊಡೆಯಲು ಹೋದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇರಬೇಕು. ಅವನು ನನಗೇ ಬಾಮೈದನಾಗಿ ಸಿಗಬೇಕೆ!

ಸೊರಬದಲ್ಲಿ ಅವನು ಬೋರ್ಡ್ ಬರೆಯುವವನು. ಶಿಕಾರಿಪುರದ ನನ್ನ ಮೋಟಾರ್ ರಿಪೇರಿ ಅಂಗಡಿಯ ಬೋರ್ಡೂ ಅವನದೇ. ಬರೆದ ಪ್ರತಿಯೊಂದರ ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಹಾಕುತ್ತಿದ್ದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನ ಕೈ ನಡುಗತೊಡಗಿತು. ಗೆರೆ ಎಳೆದರೆ ಹಾವು! ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

ಆಗಲೇ ನಮ್ಮೂರಿನ ಕಂಪ್ಯೂಟರ್ ಸೆಂಟರಿನ ಮೇಡಂ, ಅಂಗಡಿಗೊಂದು ವೆಬ್ ಪೇಜ್ ಮಾಡಿಸಿ ಎಂದರು. ಸುಟ್ಟ ಮೋಟಾರನ್ನು ಅಮೆರಿಕದವರು ಹೊತ್ತು ತರುತ್ತಾರೆಯೇ? ಆದರೂ ಒಪ್ಪಿದೆ. ಸುದ್ದಿ ಕೇಳಿ ಬಾಮೈದ, ಅದನ್ನೂ ನಾನೇ ಬರೀತೀನಿ ಎಂದು ಬೆಳಗಿನ ಬಸ್ಸಿಗೇ ಬಂದಿಳಿದ.

"ಕೋಡ್ ಗೀಡ್ ಏನೂ ಬ್ಯಾಡ್ರೀ. ಅಕ್ಷರ ಆರಿಸಿ ಗುಂಡಿ ಒತ್ತಿ. ದಪ್ಪ ಆಗ್ತದೆ, ಬಣ್ಣ ಬರ್ತದೆ" ಎಂದು ಸೆಂಟರಿನಲ್ಲಿ ಮೇಡಂ ಅವನಿಗೆ ತೋರಿಸಿದರು.

ಒತ್ತಿದ. ಅಕ್ಷರ ನೆಟ್ಟಗೆ ನಿಂತಿತು.

"ಭಾವ, ನೋಡಿ! ಒಂಚೂರೂ ನಡುಗ್ಲಿಲ್ಲ!"

ಆಮೇಲೆ ಹಿಡಿಯುವವರು ಯಾರು? ಅಕ್ಷರ ಬೆಳೆಸಿದ, ಬೆಳೆಸಿದ, ಪರದೆಯ ತುಂಬ 'ಮೋ' ಒಂದೇ ಉಳಿಯಿತು. ರಸ್ತೆಯ ಆಚೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ಬಾಗಿಲಿನೊಳಗೆ ನೋಡಿದ.

"ಇದನ್ನ ಬಸ್ಸಿನೋರು ಓದಲ್ರೀ! ಕುರ್ಚಿಲಿ ಕೂತೋರು ಓದೋದು!" ಮೇಡಂ ಕೂಗಿದರು.

"ಅವರಿಗೂ ಕಣ್ಣು ಮಂಜಾಗಿರ್ತದಲ್ಲಮ್ಮ!"

ಎಂಟು ದಿನಕ್ಕೆ ಪೇಜ್ ಮುಗಿಯಿತು. ಕೆಳಮೂಲೆಯಲ್ಲಿ ಕೆಂಪಗೆ ಅವನ ಹೆಸರು. "ಇದೊಂದು ಸಾಕು ಭಾವ. ನೋಡಿದ್ರೆ ನನ್ನ ಹಳೇ ಗಿರಾಕಿಗಳು ವಾಪಸ್ ಬರ್ತಾರೆ" ಎಂದು ಸೊರಬಕ್ಕೆ ಹೋದ.

ಮರುದಿನ ಪಂಪ್‌ಸೆಟ್ ಮಾರುವ ಗೆಳೆಯನನ್ನು ಸೆಂಟರಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸಿದೆ. "ಅಂಗಡಿ ನಿಂದೋ, ಆ ಬೋರ್ಡ್ ಬರೆಯೋನ್ದೋ?" ಎಂದು ಅವನು ನಕ್ಕ. ನನ್ನ ಮುಖ ಕೆಂಪೇರಿತು. ಅವನು ಹೋದ ಮೇಲೆ ಹೆಸರನ್ನು ಆರಿಸಿ ಒಂದು ಗುಂಡಿ ಒತ್ತಿದೆ. ಅದಕ್ಕೂ ಕೋಡ್ ಬೇಕಾಗಲಿಲ್ಲ.

ವಾರ ಬಿಟ್ಟು ಬಂದ ಬಾಮೈದ ಮೊದಲು ನೋಡಿದ್ದೇ ಮೂಲೆಯನ್ನು.

"ಹೆಸರೆಲ್ಲಿ, ಭಾವ?"

"ಮೆಷಿನ್ ನುಂಗಿರ್ಬೇಕು ಮಾರಾಯ."

ಅವನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡ. "ಮೆಷಿನ್‌ಗೆ ಯಾಕೆ ಅಂತೀರಿ? ಹೊರಡೋವಾಗ ನನ್ನ ಕೈಯೇ ನಡುಗಿ ಎಲ್ಲೋ ಒತ್ತಿರ್ತದೆ."

ಮತ್ತೆ ಬರೆಯೋ ಎಂದು ನಾನು ಹೇಳಲಿಲ್ಲ. ಅವನು ಮತ್ತೆ ಮೌಸ್ ಮುಟ್ಟಲಿಲ್ಲ.

ಒತ್ತಿದ್ದು ನಾನು ಕಣೋ. ನೀನು ಬದುಕಿದ್ದಾಗಲೇ ಹೇಳಬೇಕಿತ್ತು.